ತಲೆಸುತ್ತು: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ಮುಂಬೈಯ ನಮ್ಮ ಕನ್ನಡದ ಮನೆಗಳಲ್ಲಿ ಯಾರಿಗಾದರೂ ತಲೆ ಸುತ್ತಿತೆಂದರೆ ನಾಲ್ಕು ಆರೋಪಿಗಳು ಸದಾ ಸಿದ್ಧ: ಪಿತ್ತ, ಬಿ.ಪಿ., ಕುತ್ತಿಗೆಯ ಸ್ಪಾಂಡಿಲೈಟಿಸ್ ಮತ್ತು ವಯಸ್ಸು. ಅಜ್ಜಿಗೆ ಜೀರಿಗೆ ಕಷಾಯ, ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವ ಮಾವನಿಗೆ ಕುತ್ತಿಗೆ ಪಟ್ಟಿ, ಇಬ್ಬರಿಗೂ ಪಕ್ಕದ ಮೆಡಿಕಲ್‌ನಿಂದ ಚಕ್ಕರ್ ಮಾತ್ರೆ. ಐದನೆಯ ಆರೋಪಿ ಒಳಕಿವಿ. ಬಹಳಷ್ಟು ಸಲ ತಪ್ಪು ಅದರದೇ ಆಗಿದ್ದರೂ ಅದರ ಹೆಸರು ಕೊನೆಗೆ ಬರುತ್ತದೆ. ನಾನು ಉಪನಗರದ ಒಂದು ಚಿಕಿತ್ಸಾಲಯದಲ್ಲಿ ಶ್ರವಣ ಮತ್ತು ಸಮತೋಲನದ ಪರೀಕ್ಷೆ ಮಾಡುವವಳು. ಡೊಂಬಿವಲಿ, ಮುಲುಂಡ್, ಅಂಧೇರಿ ಕಡೆಯಿಂದ ಬರುವ ನಮ್ಮವರು ತರುವ ಕಡತಗಳಲ್ಲಿ ಸ್ಕ್ಯಾನ್‌ಗಳು ಇರುತ್ತವೆ, ರಕ್ತಪರೀಕ್ಷೆಗಳು ಇರುತ್ತವೆ. ಆದರೆ ಸುತ್ತು ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಿರಿ ಎಂಬ ಎರಡು ಪ್ರಶ್ನೆಗಳ ಉತ್ತರ ಎಲ್ಲೂ ಬರೆದಿರುವುದಿಲ್ಲ. ದೋಷ ಹಿಡಿಯಲು ಬೇಕಾದದ್ದು ಮುಖ್ಯವಾಗಿ ಆ ಎರಡೇ.

ಮೊದಲು ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಿ

ತಲೆಸುತ್ತಿನ ಜೊತೆ ಈ ಕೆಳಗಿನವುಗಳಲ್ಲಿ ಒಂದಿದ್ದರೂ ಕೈಪಿಡಿಯನ್ನು ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಿ: ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಮುಖವೋ ಕೈಕಾಲೋ ಒಂದು ಕಡೆ ಬಲ ಕಳೆದುಕೊಳ್ಳುವುದು ಅಥವಾ ಜೋಮು ಹಿಡಿಯುವುದು, ನುಂಗಲು ಕಷ್ಟವಾಗುವುದು, ಹಿಂದೆಂದೂ ಕಾಣದಂಥ ತಲೆನೋವು ಅಥವಾ ಕುತ್ತಿಗೆ ನೋವು, ಪ್ರಜ್ಞೆ ತಪ್ಪುವುದು. ಇನ್ನೊಂದನ್ನು ಜನ ಗಮನಿಸುವುದಿಲ್ಲ: ಆಸರೆಯಿಲ್ಲದೆ ನೆಟ್ಟಗೆ ಕೂರಲೂ ಆಗದಿರುವುದು. ಒಳಕಿವಿ ಕೆಟ್ಟವರು ಸಾಮಾನ್ಯವಾಗಿ ತೂರಾಡುತ್ತಲಾದರೂ, ಗೋಡೆ ಹಿಡಿದಾದರೂ ನಾಲ್ಕು ಹೆಜ್ಜೆ ಹಾಕುತ್ತಾರೆ. ಕೂತಲ್ಲೇ ಒಂದು ಕಡೆ ಕುಸಿಯುವವರ ದೋಷ ಕಿರುಮೆದುಳಿನಲ್ಲಿ ಇರಬಹುದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿ ಕೊಡಲು ಇರುವ ಅವಕಾಶ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆ. 'ಗ್ಯಾಸ್ ಇರಬೇಕು, ಮಲಗಿ ಎದ್ದರೆ ಸರಿಹೋಗುತ್ತದೆ' ಎಂದು ರಾತ್ರಿ ಕಳೆದರೆ ಆ ಅವಕಾಶ ಮುಗಿದಿರುತ್ತದೆ.

ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾಗುವುದೂ ತುರ್ತು ಸ್ಥಿತಿಯೇ. ಒಳಕಿವಿಗೆ ರಕ್ತ ಒದಗಿಸುವ ಧಮನಿ ಒಂದೇ, ಅದೂ ಎಳೆಯಷ್ಟು ಸಣ್ಣದು, ಬದಲಿ ದಾರಿ ಇಲ್ಲದ್ದು. ಅದು ಹುಟ್ಟುವುದು ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಧಮನಿಯಿಂದಲೇ ಆದುದರಿಂದ ಕಿವುಡು ಮತ್ತು ಸುತ್ತು ಒಟ್ಟಿಗೆ ಬಂದರೆ ಮೆದುಳನ್ನೂ ನೋಡಲೇಬೇಕು. ಧಮನಿಯ ತಪ್ಪಲ್ಲದಿದ್ದರೂ, ಹಠಾತ್ ಕಿವುಡಿಗೆ ಕೊಡುವ ಸ್ಟೀರಾಯ್ಡ್ ಬೇಗ ಶುರುವಾದಷ್ಟೂ ಲಾಭ. ಮೇಣ ಕಟ್ಟಿರಬೇಕೆಂದು ಎಣ್ಣೆ ಬಿಟ್ಟುಕೊಂಡು ಕಾಯುವುದು ಬೇಡ.

ಯಂತ್ರದ ಒಳಗೆ

ಕಿವಿಯ ಹಿಂದೆ, ತಲೆಬುರುಡೆಯ ಅತಿ ಗಟ್ಟಿಯಾದ ಮೂಳೆಯೊಳಗೆ, ಸುಮಾರು ಎರಡು ಸೆಂಟಿಮೀಟರ್ ಜಾಗದಲ್ಲಿ ಎರಡು ಇಲಾಖೆಗಳಿವೆ. ಮುಂದಿನದು ಕಾಕ್ಲಿಯಾ, ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ಸುರುಳಿ ಸುತ್ತಿಕೊಂಡ ಕೊಳವೆ. ಕೇಳುವ ಕೆಲಸ ಅದರದು. ಹಿಂದಿನದು ಸಮತೋಲನದ್ದು. ಅಲ್ಲಿ ಮೂರು ಅರ್ಧವೃತ್ತ ನಾಳಗಳು, ಯುಟ್ರಿಕಲ್ ಮತ್ತು ಸ್ಯಾಕ್ಯೂಲ್ ಎಂಬ ಎರಡು ಚೀಲಗಳು. ಎರಡೂ ಇಲಾಖೆಗಳ ಒಳಗೆ ಹರಿದಾಡುವ ದ್ರವ ಒಂದೇ. ಹಾಗಾಗಿ ದ್ರವದ ಒತ್ತಡ ಕೆಟ್ಟರೆ ಕೇಳುವಿಕೆಗೂ ಸಮತೋಲನಕ್ಕೂ ಒಟ್ಟಿಗೆ ಏಟು. ಸಮತೋಲನದ ನರಕ್ಕೆ ಮಾತ್ರ ಉರಿಯೂತವಾದರೆ ಕಿವಿ ಚೆನ್ನಾಗಿ ಕೇಳಿಸುತ್ತಲೇ ಇರುತ್ತದೆ. 'ಸುತ್ತು ಬಂದಾಗ ಕಿವಿ ಹೇಗಿತ್ತು?' ಎಂದು ನಾನು ಕೇಳುವುದು ಇದಕ್ಕೇ.

ಚೀಲಗಳ ಕೆಲಸ ನೇರ ಚಲನೆ ಮತ್ತು ಗುರುತ್ವವನ್ನು ಅಳೆಯುವುದು. ಗಾರೆ ಕೆಲಸದವರ ರಸಮಟ್ಟದಂತೆ, ತಲೆ ಯಾವ ಕಡೆಗೆ ಎಷ್ಟು ವಾಲಿದೆ ಎಂದು ಅವು ಹೇಳುತ್ತವೆ. ಲೋಳೆಯಂಥ ಹಾಸಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸಾವಿರಾರು ಹರಳುಗಳು ಕೂತಿರುತ್ತವೆ. ಸುಣ್ಣದಕಲ್ಲಿನಲ್ಲೂ ಕಪ್ಪೆಚಿಪ್ಪಿನಲ್ಲೂ ಇರುವುದು ಅದೇ ವಸ್ತು. ಲೋಕಲ್ ಗಾಡಿ ದಾದರಿನಿಂದ ಹೊರಡುವಾಗ ಹರಳುಗಳ ಹಾಸು ಹಿಂದುಳಿಯುತ್ತದೆ, ಅದರ ಕೆಳಗಿನ ಕೂದಲುಕೋಶಗಳ ಎಳೆಗಳು ಬಾಗುತ್ತವೆ, ಯುಟ್ರಿಕಲ್ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಇಪ್ಪತ್ತನೆಯ ಮಹಡಿಗೆ ಲಿಫ್ಟ್ ಏರುವಾಗ ಆ ಕೆಲಸ ಮುಖ್ಯವಾಗಿ ಸ್ಯಾಕ್ಯೂಲಿನದು. ಪಕ್ಕದ ಹಳಿಯ ಗಾಡಿ ಹೊರಟಾಗ ನಮ್ಮದೇ ಹೊರಟಂತೆ ಅನಿಸುತ್ತದಲ್ಲ, ಅಲ್ಲಿ ಒಳಕಿವಿಯ ತಪ್ಪಿಲ್ಲ. ಅದು ಏನೂ ಹೇಳದೆ ಸುಮ್ಮನಿದೆ, ಮೋಸಹೋದದ್ದು ಕಣ್ಣು.

ನಾಳಗಳ ಕೆಲಸ ತಿರುಗುವಿಕೆಯನ್ನು ಅಳೆಯುವುದು. ಮೂರೂ ಒಂದಕ್ಕೊಂದು ಸುಮಾರು ಲಂಬವಾಗಿ ನಿಂತಿವೆ: ಇಲ್ಲವೆಂದು ತಲೆ ಅಲ್ಲಾಡಿಸುವುದಕ್ಕೆ ಅಡ್ಡನಾಳ, ತಲೆ ಎತ್ತಿ ತಗ್ಗಿಸುವುದಕ್ಕೆ ಮತ್ತು ಭುಜದ ಕಡೆ ವಾಲಿಸುವುದಕ್ಕೆ ಮುಂದಿನ, ಹಿಂದಿನ ನಾಳಗಳು. ಪ್ರತಿ ನಾಳದ ಒಂದು ತುದಿ ಉಬ್ಬಿಕೊಂಡಿದೆ. ಆ ಉಬ್ಬಿನಲ್ಲಿ ಕಪ್ಯುಲಾ ಎಂಬ ಜೆಲ್ಲಿಯಂಥ ಪರದೆ. ತಲೆ ತಿರುಗಿದಾಗ ದ್ರವ ಜಡತ್ವದಿಂದ ಹಿಂದುಳಿದು ಪರದೆಯನ್ನು ಬಾಗಿಸುತ್ತದೆ. ಮಳೆಗಾಲದಲ್ಲಿ ಊರಿನಿಂದ ಮುಂಬೈಗೆ ಬರುವ ಯಕ್ಷಗಾನದವರಲ್ಲಿ ಪುಂಡುವೇಷಧಾರಿಯ ಗಿರಕಿ, ಧಿಗಿಣಗಳನ್ನು ನೋಡಿ ಮನೆಯ ಹುಡುಗರು ಹಾಗೆಯೇ ಸುತ್ತಲು ಹೋಗಿ ಸೋಫಾದ ಮೇಲೆ ಬೀಳುತ್ತಾರೆ. ಸುತ್ತುವಾಗ ಅಲ್ಲ, ನಿಂತ ಮೇಲೆ ಬೀಳುತ್ತಾರೆ. ದೇಹ ನಿಂತರೂ ದ್ರವ ಇನ್ನೂ ಹರಿಯುತ್ತಿರುತ್ತದೆ, ಪರದೆ ಉಲ್ಟಾ ದಿಕ್ಕಿಗೆ ಬಾಗುತ್ತದೆ, ಕೋಣೆ ಎದುರು ದಿಕ್ಕಿಗೆ ತಿರುಗುತ್ತದೆ. ವೇಷಧಾರಿಯ ಕಿವಿಯಲ್ಲೂ ದ್ರವ ಹಾಗೆಯೇ ಹರಿಯುತ್ತದೆ. ವರ್ಷಗಳ ಅಭ್ಯಾಸದಿಂದ ಅವರ ಮೆದುಳು ಆ ಸುದ್ದಿಗೆ ಬೆಲೆ ಕೊಡುವುದನ್ನು ಕಡಿಮೆ ಮಾಡಿರುತ್ತದೆ. ಈ ಮಾತು ಚಿಕಿತ್ಸೆಯ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ತಲೆ ಅಲುಗದಿರುವಾಗಲೂ ಈ ನರಗಳು ಸುಮ್ಮನಿರುವುದಿಲ್ಲ. ಕೋತಿಗಳಲ್ಲಿ ಅಳೆದಾಗ ಒಂದೊಂದು ನರತಂತು ಸೆಕೆಂಡಿಗೆ ಸುಮಾರು 90 ಸಲ ಮಿಡಿಯುತ್ತಿರುವುದು ಕಂಡಿದೆ. ತಲೆ ಬಲಕ್ಕೆ ತಿರುಗಿದರೆ ಬಲಗಡೆಯ ಮಿಡಿತ ಏರುತ್ತದೆ, ಎಡಗಡೆಯದು ಇಳಿಯುತ್ತದೆ. ಮೆದುಳು ನೋಡುವುದು ಎರಡರ ವ್ಯತ್ಯಾಸವನ್ನು. ಹಾಗಾದರೆ ಎಡಕಿವಿ ಏಕಾಏಕಿ ಕೈಕೊಟ್ಟರೆ? ಬಲದ ಮಿಡಿತವೊಂದೇ ಉಳಿಯುತ್ತದೆ. ಹಾಸಿಗೆಯಲ್ಲಿ ಅಲುಗದೆ ಮಲಗಿದ್ದರೂ ಮೆದುಳಿಗೆ ತಾನು ಬಲಕ್ಕೆ ತಿರುಗುತ್ತಿದ್ದೇನೆಂದೇ ಲೆಕ್ಕ ಬರುತ್ತದೆ. ನಿಂತ ಮನೆ ಗಿರಗಿರ ತಿರುಗುವುದು ಹೀಗೆ.

ಈ ಸುದ್ದಿ ಕಣ್ಣಿನ ಸ್ನಾಯುಗಳಿಗೂ ಹೋಗುತ್ತದೆ, ಅದೂ ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿ. ಮೊಬೈಲನ್ನು ಕಣ್ಣಮುಂದೆ ಹಿಡಿದು ವೇಗವಾಗಿ ಅಲ್ಲಾಡಿಸಿ, ಅಕ್ಷರ ಕಲಸಿಹೋಗುತ್ತದೆ. ಈಗ ಮೊಬೈಲನ್ನು ನಿಲ್ಲಿಸಿ ಅದೇ ವೇಗದಲ್ಲಿ ತಲೆಯನ್ನು ಅಲ್ಲಾಡಿಸಿ, ಓದಲು ಬರುತ್ತದೆ. ಎರಡನೆಯ ಸಲ ಕಣ್ಣನ್ನು ನಿಲ್ಲಿಸಿ ಹಿಡಿದದ್ದು ಒಳಕಿವಿ. ಕಿವಿಯ ದೋಷವನ್ನು ನಾವು ಕಣ್ಣಿನಲ್ಲಿ ಹುಡುಕುವುದು ಈ ಸಂಬಂಧದಿಂದ. ಕಣ್ಣುಗುಡ್ಡೆ ಒಂದು ದಿಕ್ಕಿಗೆ ನಿಧಾನವಾಗಿ ಜಾರಿ, ಥಟ್ಟನೆ ಹಿಂದಿರುಗಿ, ಮತ್ತೆ ಜಾರುತ್ತಿದ್ದರೆ ಅದು ನಿಸ್ಟಾಗ್ಮಸ್. ರೋಗಿಯ ಮಾತಿಗಿಂತ ನನಗೆ ಅದರಲ್ಲಿ ನಂಬಿಕೆ ಹೆಚ್ಚು.

ಎಷ್ಟು ಹೊತ್ತು, ಏನು ಮಾಡುವಾಗ

'ಹೇಗೆ ಸುತ್ತುತ್ತದೆ?' ಎಂಬ ಪ್ರಶ್ನೆಗೆ ಬೀಳುವ ಉತ್ತರಗಳಿಂದ ಹೆಚ್ಚು ಉಪಯೋಗವಿಲ್ಲ. ಬೆಳಿಗ್ಗೆ ತೇಲಿದಂತೆ ಎಂದವರು ಸಂಜೆ ಗಿರಗಿರ ಎನ್ನುತ್ತಾರೆ. ಅವಧಿ ಮತ್ತು ಪ್ರಚೋದಕ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.

ಒಂದು ನಿಮಿಷದೊಳಗೆ ಮುಗಿಯುವ ಸುತ್ತು, ಮಗ್ಗುಲು ಬದಲಿಸುವಾಗ, ಮಲಗುವಾಗ, ಅಟ್ಟದಿಂದ ಡಬ್ಬಿ ತೆಗೆಯಲು ತಲೆ ಎತ್ತಿದಾಗ ಬರುತ್ತದೆಯೇ? ಹರಳು ಜಾರಿದೆ. ಬರೀ ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟುತ್ತದೆಯೇ? ಮಲಗಿದಾಗಿನ ಮತ್ತು ನಿಂತ ಮೂರು ನಿಮಿಷದೊಳಗಿನ ರಕ್ತದೊತ್ತಡ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಿವಿಯನ್ನು ಬಿಟ್ಟು ಬಿ.ಪಿ. ಮಾತ್ರೆಯ ಪ್ರಮಾಣ, ಕುಡಿದ ನೀರು, ರಕ್ತಹೀನತೆ ಇವುಗಳನ್ನು ನೋಡಬೇಕು. ಅಕ್ಟೋಬರಿನ ಸೆಕೆಯಲ್ಲಿ ಒಲೆಯ ಮುಂದೆ ನಿಂತು ದುಡಿಯುವ ಹೋಟೆಲಿನವರಲ್ಲಿ ಇದನ್ನು ಬಿಟ್ಟು ಮುಂದಕ್ಕೆ ಹೋಗಬಾರದು.

ಈ ಎರಡನ್ನು ಬೇರ್ಪಡಿಸಲು ಸುಲಭದ ಉಪಾಯವೊಂದಿದೆ. ಹಾಸಿಗೆಯಲ್ಲಿ ಮಲಗಿದ್ದಂತೆಯೇ ಹೊರಳಿದರೆ ಸುತ್ತು ಬರುತ್ತದೆಯೇ? ರಕ್ತದೊತ್ತಡ ಮಲಗಿದವರನ್ನು ಹೊರಳಿದ್ದಕ್ಕೆ ಸುತ್ತಿಸುವುದಿಲ್ಲ; ಹರಳು ಸುತ್ತಿಸುತ್ತದೆ.

ಹರಳಿನ ದೋಷ: ಪರೀಕ್ಷೆ ಮತ್ತು ದುರಸ್ತಿ

ಯುಟ್ರಿಕಲಿನಿಂದ ಕಳಚಿಕೊಂಡ ಹರಳುಗಳು ನಾಳದೊಳಗೆ ಬೀಳುತ್ತವೆ. ಬಹುಪಾಲು ಹಿಂದಿನ ನಾಳಕ್ಕೆ, ಏಕೆಂದರೆ ನಿಂತಾಗಲೂ ಮಲಗಿದಾಗಲೂ ತಗ್ಗಿನಲ್ಲಿರುವುದು ಅದೇ. ಒಂದು ತುದಿಯನ್ನು ಪರದೆ ಮುಚ್ಚಿರುವುದರಿಂದ ಒಳಹೊಕ್ಕದ್ದು ಹೊರಬರುವುದೂ ಕಷ್ಟ. ತಲೆ ಎತ್ತಿದಾಗ ಹರಳುಗಳು ನಾಳದಲ್ಲಿ ಉರುಳಿ ದ್ರವವನ್ನು ಎಳೆಯುತ್ತವೆ, ಪರದೆ ಬಾಗುತ್ತದೆ. ಹರಳು ತಳ ಸೇರಿತೆಂದರೆ ಸುತ್ತು ನಿಲ್ಲುತ್ತದೆ. ಮಲಗಿದ ಒಂದೆರಡು ಸೆಕೆಂಡು ಏನೂ ಇಲ್ಲದೆ, ಆಮೇಲೆ ಜೋರಾಗಿ, ಅರ್ಧ ನಿಮಿಷದಲ್ಲಿ ಶಾಂತವಾಗುವ ಈ ಕ್ರಮವನ್ನು ಇದಕ್ಕಿಂತ ಚೆನ್ನಾಗಿ ಬೇರೆ ಯಾವುದೂ ವಿವರಿಸುವುದಿಲ್ಲ.

ಪರೀಕ್ಷೆ 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ್ದು. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಹಾಗೆಯೇ ಬೇಗನೆ ಹಿಂದಕ್ಕೆ ಮಲಗಿಸುವುದು. ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಇಳಿದಿರಬೇಕು. ಕಣ್ಣು ತೆರೆದೇ ಇರಬೇಕು. ಬಲದ ಹಿಂದಿನ ನಾಳದಲ್ಲಿ ಹರಳಿದ್ದರೆ ಕಣ್ಣುಗುಡ್ಡೆ ಹಣೆಯ ಕಡೆಗೆ ಜಿಗಿಯುತ್ತ, ಕೆಳಗಿರುವ ಬಲಕಿವಿಯ ಕಡೆಗೆ ತಿರುಚಿಕೊಳ್ಳುತ್ತದೆ. ಏನೂ ಆಗದಿದ್ದರೆ ಎಡಕ್ಕೂ ಮಾಡಬೇಕು.

ಡೊಂಬಿವಲಿಯ ಒಬ್ಬ ಅಜ್ಜಿ ಕುತ್ತಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು, ಜೊತೆಗೆ ಸೊಸೆ. ಮಲಗಿಸಬೇಕೆಂದಾಗ ಅಜ್ಜಿ ನನ್ನ ಮಣಿಕಟ್ಟು ಬಿಡಲಿಲ್ಲ.

"ಬೇಡ ಮಗಳೇ, ಮಲಗಿದರೆ ಮನೆಯೇ ಮೊಗಚುತ್ತದೆ. ಕೂತೇ ನಿದ್ದೆ ಮಾಡುವುದನ್ನು ರೂಢಿ ಮಾಡಿಕೊಂಡಿದ್ದೇನೆ."

"ಮೊಗಚಲಿ ಅಜ್ಜಿ, ನಾನು ಹಿಡಿದುಕೊಂಡಿದ್ದೇನೆ. ಕಣ್ಣು ಮಾತ್ರ ಮುಚ್ಚಬೇಡಿ, ನನ್ನ ಮೂಗನ್ನೇ ನೋಡುತ್ತಿರಿ."

ಮಲಗಿಸಿದೆ. ಒಂದು, ಎರಡು, ಮೂರು. ಕಣ್ಣುಗಳು ಏಕಾಏಕಿ ಮೇಲಕ್ಕೆ ಜಿಗಿದು ತಿರುಚತೊಡಗಿದವು. ಅಜ್ಜಿ ದೇವರ ಹೆಸರು ಕೂಗಿದರು. ಸೊಸೆ ಹತ್ತಿರ ಬಂದು ನೋಡಿ, "ಅಯ್ಯೋ, ಅತ್ತೆ ಸುಮ್ಮನೆ ಹೇಳುತ್ತಾರೆ ಎಂದುಕೊಂಡಿದ್ದೆವು" ಎಂದರು. ಜಿಗಿತ ನಿಧಾನವಾಗಿ ನಿಂತಿತು. ಅದೇ ಮಂಚದ ಮೇಲೆ, ಅದೇ ಭಂಗಿಯಿಂದ ದುರಸ್ತಿಯನ್ನೂ ಶುರುಮಾಡಿದೆ.

ದುರಸ್ತಿ ಅಮೆರಿಕದ ವೈದ್ಯ ಜಾನ್ ಎಪ್ಲಿ ಅವರದು. ಅವರ ಪ್ರಬಂಧ 1992ರಲ್ಲಿ ಪ್ರಕಟವಾಯಿತು. ತಲೆಯನ್ನು ಹೀಗೆ ಹೊರಳಿಸಿದರೆ ರೋಗ ಹೋಗುತ್ತದೆ ಎಂದರೆ ಅವರ ಸಹೋದ್ಯೋಗಿಗಳೇ ಬಹಳ ಕಾಲ ನಂಬಲಿಲ್ಲ. ಮದ್ದೂ ಇಲ್ಲ, ಕತ್ತರಿಯೂ ಇಲ್ಲ, ಗುರುತ್ವ ಒಂದೇ. ಬಲಕಿವಿಗೆ ಕ್ರಮ ಹೀಗಿದೆ: ಪರೀಕ್ಷೆಯ ಭಂಗಿಯಲ್ಲಿ, ಅಂದರೆ ತಲೆ ಬಲಕ್ಕೆ ತಿರುಗಿ ಇಳಿದಿರುವಂತೆ, ಸುತ್ತು ನಿಂತ ಮೇಲೂ ಅರ್ಧ ನಿಮಿಷ ಇರುವುದು. ತಲೆಯನ್ನು ಎತ್ತದೆ 90 ಡಿಗ್ರಿ ತಿರುಗಿಸಿ ಎಡಕ್ಕೆ ತರುವುದು, ಮತ್ತೆ ಕಾಯುವುದು. ಈಗ ಇಡೀ ದೇಹವನ್ನು ಎಡ ಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡುವುದು, ಮತ್ತೆ ಕಾಯುವುದು. ಆಮೇಲೆ ಗದ್ದ ಎದೆಯ ಕಡೆಗಿರಿಸಿ, ಎಡಗಡೆಯಿಂದಲೇ ಕಾಲು ಇಳಿಸಿ ಎದ್ದು ಕೂರುವುದು. ಹರಳು ನಾಳದ ಸುತ್ತು ಮುಗಿಸಿ ಯುಟ್ರಿಕಲಿಗೆ ಮರಳುತ್ತದೆ. ಬಹಳ ಮಂದಿಗೆ ಒಂದೆರಡು ಸಲದಲ್ಲೇ ಗುಣ. ಎದ್ದು ಕೂರುವ ಗಳಿಗೆಯಲ್ಲಿ ಕೆಲವರು ಮುಂದಕ್ಕೆ ಮುಗ್ಗರಿಸುತ್ತಾರೆ, ಆದ್ದರಿಂದ ಹಿಡಿದುಕೊಳ್ಳಲು ಎದುರಿಗೆ ಒಬ್ಬರು ಇರಲೇಬೇಕು.

ಮೊದಲ ಸಲ ಇದನ್ನು ಬಲ್ಲವರ ಕೈಯಲ್ಲೇ ಮಾಡಿಸಿಕೊಳ್ಳಿ. ಕಿವಿ ಯಾವ ಕಡೆಯದು, ನಾಳ ಯಾವುದು ಎಂದು ಗೊತ್ತಿಲ್ಲದೆ ಮೊಬೈಲಿನಲ್ಲಿ ವಿಡಿಯೋ ನೋಡಿ ಹೊರಳಾಡಿದರೆ ವಾಂತಿಯಷ್ಟೇ ಲಾಭ. ಹರಳು ಅಡ್ಡನಾಳದಲ್ಲಿದ್ದರೆ ಎಪ್ಲಿ ಕ್ರಮ ಹೊಂದುವುದಿಲ್ಲ. ಅಲ್ಲಿ ಕಣ್ಣು ಅಡ್ಡಕ್ಕೆ ಜಿಗಿಯುತ್ತದೆ, ಹೊರಳಿಸುವ ವಿಧಾನವೂ ಬೇರೆ. ಕುತ್ತಿಗೆಯ ಮೂಳೆಗೆ ಪೆಟ್ಟು, ಶಸ್ತ್ರಚಿಕಿತ್ಸೆ ಅಥವಾ ಅಕ್ಷಿಪಟಲದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಕಣ್ಣು ನೇರವಾಗಿ ಕೆಳಕ್ಕೆ ಮಾತ್ರ ಜಿಗಿಯುತ್ತ, ಕಾದರೂ ನಿಲ್ಲದಿದ್ದರೆ ಹರಳೆಂದು ತೀರ್ಮಾನಿಸಬೇಡಿ. ನರರೋಗ ತಜ್ಞರು ನೋಡಬೇಕು.

ಗಂಟೆಗಟ್ಟಲೆಯ, ದಿನಗಟ್ಟಲೆಯ ದೋಷಗಳು

ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆಯವರೆಗಿನ ಸುತ್ತು, ಅದರೊಂದಿಗೆ ಒಂದು ಕಿವಿ ಗವ್ವೆಂದು ತುಂಬಿಕೊಂಡು ಮೊರೆಯುವುದು, ಕೇಳಿಸುವುದು ಕಡಿಮೆಯಾಗಿ ಮತ್ತೆ ಸುಧಾರಿಸುವುದು: ಇದು ಮೆನಿಯೆರ್ ಕಾಯಿಲೆಯ ಚಿತ್ರ. ಪ್ಯಾರಿಸಿನ ಪ್ರಾಸ್ಪರ್ ಮೆನಿಯೆರ್ 1861ರಲ್ಲಿ ಇದನ್ನು ಒಳಕಿವಿಯ ತೊಂದರೆ ಎಂದಾಗ, ಇಂಥ ಸುತ್ತು ಮೆದುಳಿನದೆಂಬುದೇ ಚಾಲ್ತಿಯಲ್ಲಿದ್ದ ನಂಬಿಕೆ. ಶ್ರವಣ ಪರೀಕ್ಷೆ ಇಲ್ಲದೆ ಈ ಹೆಸರನ್ನು ಯಾರಿಗೂ ಅಂಟಿಸಬಾರದು. ಒಳಕಿವಿಯ ದ್ರವದ ಒತ್ತಡ ಏರದಿರಲೆಂದು ಈ ಕಾಯಿಲೆಯವರಿಗೆ ಉಪ್ಪು ಕಡಿಮೆ ಮಾಡಲು ಹೇಳಿದಾಗ ನಮ್ಮವರು ಸಾರಿನ ಉಪ್ಪನ್ನು ಕಡಿಮೆ ಮಾಡಿ ಉಪ್ಪಿನಕಾಯಿ, ಹಪ್ಪಳಗಳನ್ನು ಮುಂದುವರಿಸುತ್ತಾರೆ.

ಅವಧಿ ಒಂದೇ ತೆರನಾಗಿಲ್ಲದೆ ಐದು ನಿಮಿಷದಿಂದ ಮೂರು ದಿನದವರೆಗೆ ಏರುಪೇರಾಗುತ್ತಿದ್ದರೆ, ಬೆಳಕು, ಸದ್ದು ಸಹಿಸಲಾಗದಿದ್ದರೆ, ಹಿಂದೆ ಅರೆತಲೆನೋವು ಇದ್ದಿದ್ದರೆ ಮೈಗ್ರೇನನ್ನು ಶಂಕಿಸಿ. ಸುತ್ತು ಬರುವ ಹೊತ್ತಿಗೆ ತಲೆನೋವು ಇರಲೇಬೇಕೆಂದಿಲ್ಲ.

ದಿನಗಟ್ಟಲೆ ಬಿಡದೆ ಸುತ್ತುತ್ತಿದ್ದು, ಕಿವಿ ಚೆನ್ನಾಗಿ ಕೇಳಿಸುತ್ತಿದ್ದರೆ ಸಮತೋಲನ ನರದ ಉರಿಯೂತ ಇರಬಹುದು, ಪಾರ್ಶ್ವವಾಯುವೂ ಇರಬಹುದು. ಎಲ್ಲಕ್ಕಿಂತ ಕಠಿಣವಾದ ಕವಲು ಇದು. ತಜ್ಞರು ರೋಗಿಯ ದೃಷ್ಟಿಯನ್ನು ತಮ್ಮ ಮೂಗಿನ ಮೇಲೆ ನಿಲ್ಲಿಸಿ, ತಲೆಯನ್ನು ಸಣ್ಣಗೆ, ಚಕ್ಕನೆ ಪಕ್ಕಕ್ಕೆ ತಿರುಗಿಸುತ್ತಾರೆ. 1988ರಲ್ಲಿ ಹಾಲ್ಮಾಗಿ ಮತ್ತು ಕರ್ತೋಯ್ಸ್ ವಿವರಿಸಿದ ಪರೀಕ್ಷೆ ಇದು. ಕೆಟ್ಟ ಕಿವಿಯ ಕಡೆಗೆ ತಿರುಗಿಸಿದಾಗ ಕಣ್ಣು ತಲೆಯೊಂದಿಗೇ ಹೋಗಿ, ಆಮೇಲೆ ಹಾರಿ ಮೂಗಿಗೆ ಮರಳುತ್ತದೆ. ವಿಚಿತ್ರವೆಂದರೆ, ಎಡೆಬಿಡದೆ ಸುತ್ತುತ್ತಿರುವವರಲ್ಲಿ ಈ ಪರೀಕ್ಷೆ ಸರಿಯಾಗಿ ಬಂದರೆ ಚಿಂತೆ ಹೆಚ್ಚಬೇಕು: ಕಿವಿ ಸರಿಯಿದ್ದೂ ಸುತ್ತುತ್ತಿದೆ ಎಂದರೆ ತಪ್ಪು ಮೆದುಳಿನದಿರಬಹುದು. ಮೊದಲ ಒಂದೆರಡು ದಿನಗಳಲ್ಲಿ ಎಂ.ಆರ್.ಐ.ಯಲ್ಲಿ ಕೂಡ ಇಂಥ ಸಣ್ಣ ಪಾರ್ಶ್ವವಾಯು ಕಾಣದೆ ಹೋಗಬಹುದು, ಸಿ.ಟಿ.ಯಲ್ಲಂತೂ ಇನ್ನೂ ಹೆಚ್ಚು. ಮನೆಯಲ್ಲಿ ಯಾರ ತಲೆಯನ್ನೂ ಹೀಗೆ ತಿರುಗಿಸಲು ಹೋಗಬೇಡಿ.

ಸುತ್ತೇ ಇಲ್ಲದ ದೋಷವೂ ಒಂದಿದೆ. ಕತ್ತಲಲ್ಲಿ ಜೋಲಿ ಹೊಡೆಯುವುದು, ನಡೆಯುವಾಗ ಅಂಗಡಿಯ ಬೋರ್ಡುಗಳು ಕುಣಿಯುವುದು, ನಿಂತರೆ ಅಕ್ಷರ ಸ್ಥಿರವಾಗುವುದು. ಎರಡೂ ಕಿವಿ ಸಮವಾಗಿ ಕೆಟ್ಟಿವೆ. ವ್ಯತ್ಯಾಸವಿಲ್ಲದ್ದರಿಂದ ತಿರುಗಿದ ಭಾವವಿಲ್ಲ. ಇಂಥವರನ್ನು 'ಹಿಂದೆ ಯಾವುದಕ್ಕಾದರೂ ವಾರಗಟ್ಟಲೆ ಚುಚ್ಚುಮದ್ದು ತೆಗೆದುಕೊಂಡಿದ್ದಿರಾ?' ಎಂದು ಕೇಳಬೇಕು. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್, ಸೋಂಕಿಗೆ ಕೊಡುವ ಜೆಂಟಾಮೈಸಿನ್ ಒಳಕಿವಿಯ ಕೂದಲುಕೋಶಗಳನ್ನು ಕೊಲ್ಲಬಲ್ಲವು. ಕ್ಷಯ ಕಂಡ ಮನೆಗಳು ಮುಂಬೈಯಲ್ಲಿ ಕಡಿಮೆಯೇನಲ್ಲ, ಹಳೆಯ ಚೀಟಿಗಳನ್ನು ಹುಡುಕಿ ತನ್ನಿ.

ಅಡ್ಡದಾರಿಗಳು

ಐವತ್ತು ದಾಟಿದ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಮೂಳೆಯ ಸವೆತ ಕಾಣುವ ಸಂಭವ ಹೆಚ್ಚು. ಸವೆತ ಕಂಡಿತೆಂಬ ಮಾತ್ರಕ್ಕೆ ಸುತ್ತಿಗೆ ಅದೇ ಕಾರಣವೆನ್ನುವುದು ನಮ್ಮ ಕಡೆಯ ಅತಿ ದೊಡ್ಡ ಅಡ್ಡದಾರಿ. ಪಟ್ಟಿ ಕಟ್ಟಿದ ಮೇಲೆ ಸುತ್ತು ಕಡಿಮೆಯಾಗುವುದೂ ಉಂಟು. ತಲೆ ಅಲುಗದಿದ್ದರೆ ಹರಳೂ ಅಲುಗುವುದಿಲ್ಲ, ಅಷ್ಟೇ.

ಇನ್ನೊಂದು ಅಡ್ಡದಾರಿ ಮಾತ್ರೆ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ತೀವ್ರ ಸುತ್ತಿನ ಮೊದಲ ಎರಡು ಮೂರು ದಿನ ವಾಂತಿ ನಿಲ್ಲಿಸಲು ಬೇಕು. ತಿಂಗಳುಗಟ್ಟಲೆ ನುಂಗಿದರೆ ಹಾನಿ: ಮೆದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುವುದನ್ನು ಅವು ತಡೆಯುತ್ತವೆ, ವಯಸ್ಸಾದವರಲ್ಲಿ ಪಾರ್ಕಿನ್ಸನ್ ರೀತಿಯ ನಡುಕ, ಬಿಗಿತ ತರಬಲ್ಲವು. ನಾಳದಲ್ಲಿ ಕೂತ ಹರಳನ್ನು ಯಾವ ಮಾತ್ರೆಯೂ ಎತ್ತಿ ಹಾಕುವುದಿಲ್ಲ. ಹಾಗೆಂದು ವೈದ್ಯರನ್ನು ಕೇಳದೆ ಒಮ್ಮೆಲೇ ಬಿಡಬೇಡಿ.

ಪರೀಕ್ಷೆಗಳಲ್ಲಿ ಕಿವಿಗೆ 30 ಮತ್ತು 44 ಡಿಗ್ರಿಯ ನೀರು ಬಿಟ್ಟು ಕಣ್ಣು ನೋಡುವುದು ಉಪಯುಕ್ತ, ಆದರೆ ಎಲ್ಲರಿಗೂ ಬೇಕಿಲ್ಲ. ಇದರ ಹಿಂದಿನ ಕಥೆ ನನಗೆ ಇಷ್ಟ. ವಿಯೆನ್ನಾದ ರಾಬರ್ಟ್ ಬಾರಾನಿ ಕಿವಿ ತೊಳೆಯುವಾಗ ತಣ್ಣೀರಾದರೆ ರೋಗಿಯ ಕಣ್ಣು ಒಂದು ಕಡೆಗೂ, ಬಿಸಿನೀರಾದರೆ ಇನ್ನೊಂದು ಕಡೆಗೂ ಜಿಗಿಯುವುದನ್ನು ಗಮನಿಸಿದರು. 1914ರ ನೊಬೆಲ್ ಅವರಿಗೆ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿ.

ದುರಸ್ತಿಯ ನಂತರ

ಹರಳು ಮರಳಿದ ಮೇಲೂ ಕೆಲವು ದಿನ ತೇಲಿದಂತೆ ಇರಬಹುದು. ನರದ ಉರಿಯೂತವಾದವರಿಗೆ ಇದು ವಾರಗಟ್ಟಲೆ. ಆಗ ಮಲಗಿರುವುದೇ ತಪ್ಪು ಚಿಕಿತ್ಸೆ. ವೇಷಧಾರಿಯ ಮೆದುಳು ಕಲಿತ ಪಾಠವನ್ನು ಇವರ ಮೆದುಳೂ ಕಲಿಯಬೇಕು, ಅದಕ್ಕೆ ಚಲನೆಯೇ ಬೇಕು. ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದನ್ನು ನೋಡುತ್ತಲೇ ತಲೆಯನ್ನು ಅಡ್ಡಕ್ಕೆ, ಮೇಲಕ್ಕೆ ಕೆಳಕ್ಕೆ ಆಡಿಸಿ. ಅಕ್ಷರ ಕಲಸುವ ಅಂಚಿನವರೆಗೆ ವೇಗ ಏರಿಸಿ. ಮೊದಲು ಮನೆಯೊಳಗೆ, ಆಮೇಲೆ ಸೊಸೈಟಿಯ ಅಂಗಳದಲ್ಲಿ ನಡಿಗೆ. ಜನ ಎದುರಾಗಿ ನುಗ್ಗುವ ರೈಲ್ವೆ ಸೇತುವೆ ಕೊನೆಯ ಪಾಠವಾಗಲಿ. ಲೋಕಲ್ ಗಾಡಿಯ ಬಾಗಿಲಲ್ಲಿ ನಿಲ್ಲುವುದು ಪೂರ್ತಿ ಗುಣವಾಗುವವರೆಗೆ ಬೇಡ; ಗುಣವಾದ ಮೇಲೂ ಬೇಡ ಎಂದರೆ ಯಾರೂ ಕೇಳುವುದಿಲ್ಲ.

ಹರಳಿನ ದೋಷ ಮರುಕಳಿಸುವುದು ಸಾಮಾನ್ಯ. ಪದೇಪದೇ ಬರುವವರು ಡಿ ಜೀವಸತ್ವದ ಮಟ್ಟ ನೋಡಿಸಿ, ಕಡಿಮೆಯಿದ್ದರೆ ಸರಿಪಡಿಸಿಕೊಳ್ಳಬೇಕು. ಯಾವ ಕಿವಿ, ಯಾವ ನಾಳ, ಯಾವ ಕ್ರಮದಿಂದ ಗುಣವಾಯಿತು ಎಂಬುದನ್ನು ಕಡತದ ಮೊದಲ ಹಾಳೆಯಲ್ಲೇ ಬರೆಸಿಕೊಳ್ಳಿ. ಮುಂದಿನ ಸಲ ಸುತ್ತು ಬಂದಾಗ, ಅಪಾಯದ ಲಕ್ಷಣಗಳಿಲ್ಲವೆಂದು ನೋಡಿಕೊಂಡ ಕೂಡಲೇ, ಮನೆಯಲ್ಲಿರುವವರು ಮೊಬೈಲಿನಲ್ಲಿ ಅವರ ತೆರೆದ ಕಣ್ಣುಗಳ ಅರ್ಧ ನಿಮಿಷದ ವಿಡಿಯೋ ತೆಗೆಯಲಿ. ಚಿಕಿತ್ಸಾಲಯಕ್ಕೆ ತಲುಪುವಷ್ಟರಲ್ಲಿ ನಿಂತುಹೋಗುವ ಜಿಗಿತ ಅದರಲ್ಲಿ ಉಳಿದಿರುತ್ತದೆ.